ಶ್ರೀಲಂಕಾದ ಆ 159 ಸೀಟುಗಳ ಒಳಗೆ ಏನಿದೆ?

ನಮಸ್ಕಾರ. ಶ್ರೀಲಂಕಾದಲ್ಲಿ 2024ರಲ್ಲಿ ಎರಡೇ ತಿಂಗಳ ಅಂತರದಲ್ಲಿ ಎರಡು ಚುನಾವಣೆ ನಡೆದವು. ಸೆಪ್ಟೆಂಬರ್ 21ಕ್ಕೆ ಅಧ್ಯಕ್ಷರ ಆಯ್ಕೆ, ನವೆಂಬರ್ 14ಕ್ಕೆ ಸಂಸತ್ತಿನದು. ಅನುರ ಕುಮಾರ ದಿಸ್ಸಾನಾಯಕೆ ಅಧ್ಯಕ್ಷರಾದರು. ಅವರ ಎನ್‌ಪಿಪಿ (ನ್ಯಾಷನಲ್ ಪೀಪಲ್ಸ್ ಪವರ್) ಕೂಟ ಸಂಸತ್ತಿನ 225 ಸೀಟುಗಳಲ್ಲಿ 159 ಬಾಚಿಕೊಂಡಿತು. ಗಡಿಯ ಈಚೆ ನಾವು ಹೆಚ್ಚಾಗಿ ಕೇಳಿದ್ದು ಒಂದೇ ಪ್ರಶ್ನೆ: ಈ ಎಡಪಂಥೀಯರು ಚೀನಾ ಕಡೆಯವರಾ, ನಮ್ಮ ಕಡೆಯವರಾ?

ಅಲ್ಲಿನ ಮತದಾರರು ಉತ್ತರಿಸಿದ್ದು ಆ ಪ್ರಶ್ನೆಗಲ್ಲ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟಲಾಗದೆ ಕೈಚೆಲ್ಲಿದ ದೇಶ ಅದು. ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ದಿನಗಟ್ಟಲೆ ಸಾಲುಗಟ್ಟಿ ನಿಂತ ಜನ ಜುಲೈ ಹೊತ್ತಿಗೆ ಆಗಿನ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋಗುವಂತೆ ಮಾಡಿದರು. ಹಳೆಯ ಪಕ್ಷಗಳ ಮೇಲಿನ ಆ ಸಿಟ್ಟು ಮತಪೆಟ್ಟಿಗೆಗೆ ಬೀಳಲು ಎರಡು ವರ್ಷ ಕಾಯಬೇಕಾಯಿತು. 2019ರಲ್ಲಿ ಇದೇ ದಿಸ್ಸಾನಾಯಕೆಗೆ ಸಿಕ್ಕಿದ್ದು ಶೇ 3ರಷ್ಟು ಮತ. 2020ರಲ್ಲಿ ಅವರ ಕೂಟಕ್ಕೆ ಸಂಸತ್ತಿನಲ್ಲಿ ಇದ್ದದ್ದು 3 ಸೀಟು. ಹಾಗಾದರೆ ಈ ಗೆಲುವು ಎಷ್ಟು ದೊಡ್ಡದು? ಅದಕ್ಕೆ ಎಣಿಕೆಯ ಒಳಗೇ ಇಳಿಯಬೇಕು.

ಮೊದಲು ಅಧ್ಯಕ್ಷರ ಚುನಾವಣೆ. ಅಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ಇಷ್ಟದ ಅಭ್ಯರ್ಥಿಯ ಮುಂದೆ 1, ನಂತರದ ಆಯ್ಕೆಗೆ 2, ಅದರ ನಂತರದ್ದಕ್ಕೆ 3 ಬರೆಯಬಹುದು. ಒಬ್ಬರ ಮುಂದೆ ಬರೀ X ಗುರುತು ಹಾಕಿದರೂ ಅದು ಮೊದಲ ಆದ್ಯತೆಯ ಮತ. ಗೆಲ್ಲಲು ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಈ ಬಾರಿ ಸಿಂಧು ಮತಗಳು 1.33 ಕೋಟಿ. ದಿಸ್ಸಾನಾಯಕೆಗೆ ಸಿಕ್ಕಿದ್ದು 56.35 ಲಕ್ಷ, ಅಂದರೆ ಶೇ 42.31. ವಿರೋಧ ಪಕ್ಷದ ನಾಯಕ ಸಜಿತ್ ಪ್ರೇಮದಾಸ ಅವರಿಗೆ 43.63 ಲಕ್ಷ. ಅಧಿಕಾರದಲ್ಲಿದ್ದ ರನಿಲ್ ವಿಕ್ರಮಸಿಂಘೆ 23 ಲಕ್ಷದಲ್ಲಿ ನಿಂತರು. ಯಾರೂ ಅರ್ಧ ದಾಟಲಿಲ್ಲ. 1982ರಿಂದ ಜನರೇ ಅಧ್ಯಕ್ಷರನ್ನು ಆರಿಸುತ್ತ ಬಂದ ಎಂಟು ಚುನಾವಣೆಗಳಲ್ಲಿ ಒಮ್ಮೆಯೂ ಬೇಕಾಗದಿದ್ದ ಎರಡನೇ ಎಣಿಕೆ ಈ ಬಾರಿ ಬೇಕಾಯಿತು.

ಎರಡನೇ ಎಣಿಕೆ ಅಂದರೆ ಮರುಮತದಾನ ಅಲ್ಲ. ಮೊದಲಿಬ್ಬರನ್ನು ಬಿಟ್ಟು ಉಳಿದವರೆಲ್ಲ ಹೊರಗೆ. ಹೊರಬಿದ್ದವರ ಮತಪತ್ರಗಳನ್ನು ಮತ್ತೆ ತೆಗೆದು, 2 ಅಂತ ಬರೆದದ್ದು ಈ ಇಬ್ಬರಲ್ಲಿ ಯಾರಿಗಾದರೂ ಇದೆಯಾ ಅಂತ ನೋಡುತ್ತಾರೆ. ಇಲ್ಲದಿದ್ದರೆ 3ನೇ ಆದ್ಯತೆ. ಹೀಗೆ ತೆಗೆದು ನೋಡಿದ ಮತಪತ್ರಗಳು 33 ಲಕ್ಷ. ಅವುಗಳಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಕೇವಲ 2.73 ಲಕ್ಷ: ದಿಸ್ಸಾನಾಯಕೆಗೆ 1.05 ಲಕ್ಷ, ಪ್ರೇಮದಾಸ ಅವರಿಗೆ 1.68 ಲಕ್ಷ. ಉಳಿದ 30 ಲಕ್ಷ ಮತಪತ್ರಗಳಲ್ಲಿ ಈ ಇಬ್ಬರ ಹೆಸರಿನ ಮುಂದೆ ಏನೂ ಇರಲಿಲ್ಲ. ಎಂಟು ಚುನಾವಣೆಗಳಲ್ಲಿ ಎರಡನೇ ಆದ್ಯತೆಯನ್ನು ಯಾರೂ ತೆಗೆದೇ ನೋಡದಿದ್ದಾಗ, ಜನ ಒಂದು ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕುವುದು ಸಹಜವೇ.

ಕೊನೆಗೆ ದಿಸ್ಸಾನಾಯಕೆ ಹೆಸರಲ್ಲಿ ಘೋಷಣೆಯಾದ ಶೇ 55.89 ಅನ್ನೋದು ಈ ಇಬ್ಬರಿಗೆ ಸಿಕ್ಕ ಮತಗಳ ಮೇಲಿನ ಲೆಕ್ಕ. ಮೂಲ 1.33 ಕೋಟಿಯ ಮೇಲೆ ಹಾಕಿದರೆ ಅದು ಶೇ 43. ಹಾಗಂತ ಗೆಲುವು ಕಳ್ಳಗೆಲುವು ಅಂತ ಯಾರಾದರೂ ಹೇಳಿದರೆ ಅದೂ ತಪ್ಪು. ಇಬ್ಬರ ನಡುವಿನ ಅಂತರ 12.7 ಲಕ್ಷ. ಆ 33 ಲಕ್ಷ ಮತಪತ್ರಗಳಲ್ಲೂ ಎರಡನೇ ಆದ್ಯತೆ ಇದ್ದಿದ್ದರೆ, ಪ್ರೇಮದಾಸ ಗೆಲ್ಲಲು ಅವುಗಳಲ್ಲಿ ಶೇ 69ರಷ್ಟು ಅವರಿಗೇ ಬೀಳಬೇಕಿತ್ತು. ಸಿಕ್ಕ ಆದ್ಯತೆಗಳಲ್ಲಿ ಅವರ ಪಾಲು ಶೇ 61. ಅದೇ ಪ್ರಮಾಣ ಮುಂದುವರಿದಿದ್ದರೂ ಅವರು ಸೋಲುತ್ತಿದ್ದರು.

ಈಗ ನವೆಂಬರ್‌ಗೆ ಬನ್ನಿ. ಮತದಾನ ಶೇ 79ರಿಂದ 69ಕ್ಕೆ ಇಳಿಯಿತು, ಆದರೆ ಎನ್‌ಪಿಪಿಯ ಮತ 68 ಲಕ್ಷ ದಾಟಿತು. ಸೆಪ್ಟೆಂಬರ್‌ನಲ್ಲಿ 43 ಲಕ್ಷ ಪಡೆದಿದ್ದ ಪ್ರೇಮದಾಸರ ಪಕ್ಷ 20 ಲಕ್ಷಕ್ಕೂ ಕೆಳಗೆ ಕುಸಿಯಿತು. ಎನ್‌ಪಿಪಿಯ ಶೇ 61.56 ಮತಕ್ಕೆ ಶೇ 70 ಸೀಟು ಹೇಗೆ ಬಂತು? ಅಲ್ಲಿರುವುದು ಅನುಪಾತ ಪದ್ಧತಿಯೇ, ಆದರೆ ದೊಡ್ಡ ಪಕ್ಷದ ಕಡೆಗೆ ವಾಲಿದೆ. 196 ಸದಸ್ಯರು 22 ಚುನಾವಣಾ ಜಿಲ್ಲೆಗಳಿಂದ ಬರುತ್ತಾರೆ, 29 ಮಂದಿ ರಾಷ್ಟ್ರೀಯ ಪಟ್ಟಿಯಿಂದ. ಪ್ರತಿ ಜಿಲ್ಲೆಯಲ್ಲಿ ಮೊದಲ ಸ್ಥಾನಕ್ಕೆ ಬಂದ ಪಕ್ಷಕ್ಕೆ ಒಂದು ಬೋನಸ್ ಸೀಟು. ಶೇ 5ಕ್ಕಿಂತ ಕಡಿಮೆ ಮತ ಪಡೆದವರನ್ನು ಲೆಕ್ಕದಿಂದಲೇ ತೆಗೆಯುತ್ತಾರೆ. ಉಳಿದ ಸೀಟುಗಳು ಉಳಿದವರ ನಡುವೆ ಹಂಚಿಕೆ. 22 ಜಿಲ್ಲೆಗಳಲ್ಲಿ 21 ಕಡೆ ಎನ್‌ಪಿಪಿಯೇ ಮೊದಲು. ಪೂರ್ವದ ಮಟ್ಟಕ್ಕಳಪ್ಪು (ಬಟ್ಟಿಕಲೋವ) ಮಾತ್ರ ತಮಿಳರ ಪಕ್ಷವಾದ ತಮಿಳರಸು ಕಚ್ಚಿಗೆ ಹೋಯಿತು.

ಉತ್ತರದ ತಮಿಳು ಜಿಲ್ಲೆ ಜಾಫ್ನಾ ಈ ಪದ್ಧತಿಯ ಸ್ಪಷ್ಟ ಉದಾಹರಣೆ, ನಮ್ಮಲ್ಲಿ ತಪ್ಪಾಗಿ ಓದಿದ್ದೂ ಅದನ್ನೇ. ಸಿಂಹಳ ಪ್ರದೇಶದ ಪಕ್ಷವೊಂದು ಜಾಫ್ನಾದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ನಿಜಕ್ಕೂ ದೊಡ್ಡ ಸುದ್ದಿ. ಅಧ್ಯಕ್ಷರ ಚುನಾವಣೆಯಲ್ಲಿ ಅಲ್ಲಿ 27 ಸಾವಿರದಷ್ಟು ಮತ ಪಡೆದಿದ್ದವರು ಎರಡೇ ತಿಂಗಳಲ್ಲಿ 80 ಸಾವಿರ ದಾಟಿದರು. ಆದರೆ ಆ 80 ಸಾವಿರ ಒಟ್ಟು ಮತದ ಕಾಲು ಭಾಗ, ಸೀಟು ಮಾತ್ರ 6ರಲ್ಲಿ 3. ಒಂದು ಬೋನಸ್, ಒಂದು ಸೀಟಿಗೆ ಬೇಕಾದ ಪೂರ್ತಿ ಮತದಿಂದ ಒಂದು, ಅದನ್ನು ಕಳೆದು ಉಳಿದ ಮತದಿಂದ ಇನ್ನೊಂದು. ತಮಿಳರಸು ಕಚ್ಚಿ 63 ಸಾವಿರ ಪಡೆದೂ ಒಂದೇ ಸೀಟು ಗೆದ್ದಿತು. 28 ಸಾವಿರದ ಆಸುಪಾಸಿನಲ್ಲಿದ್ದ ಎರಡು ಗುಂಪುಗಳಿಗೂ ಒಂದೊಂದು. ತಮಿಳು ಮತ ಹತ್ತಾರು ಪಕ್ಷ, ಸ್ವತಂತ್ರ ಗುಂಪುಗಳಲ್ಲಿ ಚದುರಿ, ಬಹಳಷ್ಟು ಶೇ 5ರ ಗೆರೆಯ ಕೆಳಗೇ ಕರಗಿತು. ಉತ್ತರದ ತಮಿಳರೆಲ್ಲ ಕೊಲಂಬೊವನ್ನು ಅಪ್ಪಿಕೊಂಡರು ಅನ್ನುವ ಮಾತಿಗೆ ಈ ಅಂಕಿಗಳು ಒಗ್ಗುವುದಿಲ್ಲ.

2025ರ ಮೇ ತಿಂಗಳ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಎನ್‌ಪಿಪಿಯ ಪಾಲು ಮತ್ತೆ ಶೇ 43ಕ್ಕೆ ಬಂತು. ಹೆಚ್ಚಿನ ಕಡೆ ಅದೇ ದೊಡ್ಡ ಪಕ್ಷ, ಆದರೆ ಉತ್ತರದಲ್ಲಿ ತಮಿಳರಸು ಕಚ್ಚಿ ಚೇತರಿಸಿಕೊಂಡಿತು. ನನ್ನ ಮಟ್ಟಿಗೆ ಈ ಸರ್ಕಾರದ ಗಟ್ಟಿ ನೆಲ ಆ ಶೇ 43. ಸಂಸತ್ತಿನ ಚುನಾವಣೆಯಲ್ಲಿ ಅದರ ಮೇಲೆ ಬಂದ ಶೇ 18 ಸಾಲವಾಗಿ ಬಂದ ನಂಬಿಕೆ, ಹಿಂದಕ್ಕೆ ಹೋಗಬಲ್ಲದು. 2020ರಲ್ಲಿ ರಾಜಪಕ್ಸರ ಪಕ್ಷಕ್ಕೆ ಶೇ 59 ಮತ, 145 ಸೀಟು ಬಂದಿದ್ದವು. 2024ರಲ್ಲಿ ಅದಕ್ಕೆ ಉಳಿದದ್ದು 3.

ಭಾರತದ ವಿಷಯಕ್ಕೆ ಬಂದರೆ, ಆತಂಕಕ್ಕೆ ಹಳೆಯ ಕಾರಣವಿದೆ. ಎನ್‌ಪಿಪಿಯ ಬೆನ್ನೆಲುಬಾದ ಜೆವಿಪಿ (ಜನತಾ ವಿಮುಕ್ತಿ ಪೆರಮುನ) 1987ರ ಭಾರತ–ಶ್ರೀಲಂಕಾ ಒಪ್ಪಂದದ ವಿರುದ್ಧ ಶಸ್ತ್ರ ಹಿಡಿದ ಪಕ್ಷ. ಆದರೆ ದಿಸ್ಸಾನಾಯಕೆ ಅಧ್ಯಕ್ಷರಾದ ಮೇಲೆ ಮೊದಲ ವಿದೇಶ ಪ್ರವಾಸಕ್ಕೆ 2024ರ ಡಿಸೆಂಬರ್‌ನಲ್ಲಿ ದೆಹಲಿಗೆ ಬಂದರು. ಜನವರಿಯಲ್ಲಿ ಬೀಜಿಂಗ್‌ಗೆ ಹೋಗಿ, ಹಂಬನ್‌ತೋಟದಲ್ಲಿ ಸಿನೊಪೆಕ್ ತೈಲ ಶುದ್ಧೀಕರಣ ಘಟಕಕ್ಕೆ 370 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಏಪ್ರಿಲ್‌ನಲ್ಲಿ ಕೊಲಂಬೊದಲ್ಲಿ ಭಾರತದ ಜೊತೆ ರಕ್ಷಣಾ ಸಹಕಾರದ ಒಪ್ಪಂದಕ್ಕೂ ಸಹಿ ಬಿತ್ತು. ಐಎಂಎಫ್‌ನ 290 ಕೋಟಿ ಡಾಲರ್ ಕಾರ್ಯಕ್ರಮದೊಳಗೆ ಇರುವ ದೇಶಕ್ಕೆ ಯಾರ ಜೊತೆಗೂ ಜಗಳವಾಡುವ ಪುರುಸೊತ್ತಿಲ್ಲ. ನಾವು ಅವರ ಪ್ರವಾಸದ ಪಟ್ಟಿ ನೋಡಿ ನಿದ್ದೆಗೆಡುವುದನ್ನು ಬಿಡಬೇಕು.

ಕಣ್ಣಿಡಬೇಕಾದ ಜಾಗ ಬೇರೆ: ಪ್ರಾಂತೀಯ ಮಂಡಳಿಗಳು. ಅದೇ 1987ರ ಒಪ್ಪಂದದಿಂದ ಅಲ್ಲಿನ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂತು, ತಮಿಳರಿಗೆ ಸ್ವಲ್ಪವಾದರೂ ಸ್ಥಳೀಯ ಆಡಳಿತ ಸಿಗಲಿ ಎಂದು ಈ ಮಂಡಳಿಗಳಾದವು. ಉತ್ತರ ಪ್ರಾಂತ್ಯದ ಮಂಡಳಿಗೆ ಚುನಾವಣೆ ನಡೆದದ್ದು ಒಂದೇ ಸಲ, 2013ರಲ್ಲಿ. 2014ರ ನಂತರ ಯಾವ ಪ್ರಾಂತ್ಯದಲ್ಲೂ ನಡೆದಿಲ್ಲ. ಒಂಬತ್ತೂ ರಾಜ್ಯಪಾಲರ ಕೈಯಲ್ಲಿವೆ. ಸಿಕ್ಕಿಕೊಂಡಿರುವುದು ಕಾನೂನಿನಲ್ಲಿ. 2017ರಲ್ಲಿ ಹಳೆಯ ಅನುಪಾತ ಪದ್ಧತಿ ತೆಗೆದು, ಕ್ಷೇತ್ರವಾರು ಆಯ್ಕೆಯೂ ಅನುಪಾತವೂ ಸೇರಿದ ಮಿಶ್ರ ಪದ್ಧತಿ ತಂದರು. ಅದಕ್ಕೆ ಬೇಕಾದ ಕ್ಷೇತ್ರ ವಿಂಗಡಣೆಯ ವರದಿಯನ್ನು 2018ರಲ್ಲಿ ಸಂಸತ್ತೇ ತಳ್ಳಿಹಾಕಿತು. ಈಗ ಹಳೆಯ ಕಾನೂನೂ ಇಲ್ಲ, ಹೊಸದೂ ನಡೆಯುವುದಿಲ್ಲ.

ಬಿಡಿಸಲು ಸಂವಿಧಾನ ತಿದ್ದಬೇಕಿಲ್ಲ. ತಾತ್ಕಾಲಿಕವಾಗಿ ಹಳೆಯ ಪದ್ಧತಿಗೆ ಮರಳುತ್ತೇವೆ ಅನ್ನುವ ಒಂದು ಸಣ್ಣ ಮಸೂದೆ, ಸರಳ ಬಹುಮತ ಸಾಕು. ಅಂದರೆ ಎಲ್ಲ 225 ಮಂದಿ ಮತ ಹಾಕಿದರೂ 113 ಸಾಕು. ಈ ಸರ್ಕಾರದ ಬಳಿ ಇರುವುದು 159. ಜಾಫ್ನಾದಲ್ಲಿ ಆ 80 ಸಾವಿರ ಮತ ಕೊಟ್ಟವರು, ಕೊಡದೆ ಚದುರಿದವರು, ಇಬ್ಬರೂ ಕಾಯುತ್ತಿರುವುದು ಆ ಮಸೂದೆಗೆ. ನಮ್ಮ ವಿದೇಶಾಂಗ ಸಚಿವಾಲಯ ಕೊಲಂಬೊದಲ್ಲಿ ಪ್ರತಿ ಸಲ ಕೇಳಬೇಕಾದದ್ದೂ ಅದರ ದಿನಾಂಕವನ್ನೇ.