ಕೆರೆ ಸುತ್ತ ಗೆರೆ ಎಳೆದರೆ ಲೆಕ್ಕ ಮುಗೀತಾ?

ನಮಸ್ಕಾರ. ಕೋಲಾರದ ಕೆರೆಗಳ ಸುತ್ತ ಊರು ಎಷ್ಟು ಬೆಳೆದಿದೆ ಅಂತ ಉಪಗ್ರಹ ನಕ್ಷೆ ಇಟ್ಕೊಂಡು ಲೆಕ್ಕ ಹಾಕೋರು ಈಗ ಸುಮಾರು ಜನ ಇದ್ದಾರೆ. ಒಳ್ಳೇದೇ. ಆದ್ರೆ ಹೆಚ್ಚಿನವರು ಮಾಡೋದು ಇಷ್ಟೇ: ಕೆರೆ ಅಂಚಿನಿಂದ 500 ಮೀಟರ್ ದೂರಕ್ಕೆ ಸುತ್ತಲೂ ಒಂದು ಗೆರೆ, ಅದರೊಳಗೆ ಕಟ್ಟಡ ಶೇಕಡಾ ಇಷ್ಟು. ನನ್ನ ತಕರಾರು ಆ ಗೆರೆ ಮೇಲೇ.

ನಮ್ಮ ಕೆರೆಗೆ ಒಂದು ಕಡೆ ಏರಿ, ಅದರ ಕೆಳಗೆ ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಉಣ್ಣೋ ಗದ್ದೆ ಬಯಲು. ಇನ್ನೊಂದು ಕಡೆ ನೀರು ಹರಿದು ಬರೋ ಮೇಲ್ಭಾಗ. ಏರಿ ಕೆಳಗೆ ನೂರು ಮನೆ ಎದ್ರೆ ಹೋಗೋದು ಗದ್ದೆ, ಕೋಡಿ ಹರಿದಾಗ ನೀರು ನುಗ್ಗೋದೂ ಆ ಮನೆಗಳಿಗೇ. ಅದೇ ನೂರು ಮನೆ ಮೇಲ್ಭಾಗದಲ್ಲಿ ಎದ್ರೆ? ಚರಂಡಿ ನೇರ ಕೆರೆಗೆ. ಎರಡನ್ನೂ ಒಂದೇ ಶೇಕಡಾವಾರಿಗೆ ತುರುಕಿದ್ರೆ ಅದರಿಂದ ಏನು ತಿಳಿಯತ್ತೆ ಹೇಳಿ.

ಇನ್ನು ಅಂಚು ಅಂದ್ರೆ ಯಾವುದು? ನೀರಿನ ಅಂಚು ಹಿಡಿದ್ರೆ ಬರದ ವರ್ಷ ಗೆರೆ ಒಳಗೆ ಸರಿಯತ್ತೆ. ಕೆರೆ ಅಂಗಳದ, ಅಂದ್ರೆ ನೀರು ನಿಲ್ಲೋ ಜಾಗದ, ಒತ್ತುವರಿ ಕಾಗದದಲ್ಲಿ ‘ಕೆರೆ ಪಕ್ಕದ ಮನೆ’ ಆಗಿಬಿಡತ್ತೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರೋಕೆ ಶುರುವಾದ ಮೇಲೆ ತುಂಬಿದ ಕೆರೆಗಳಲ್ಲಿ ಇದು ಉಲ್ಟಾ, ಗೆರೆ ಹೊರಗೆ ಸರಿಯತ್ತೆ. ಆದ್ದರಿಂದ ಗ್ರಾಮ ನಕ್ಷೆಯ ಗಡಿನೇ ಹಿಡೀಬೇಕು. ಸರ್ವೆ ನಂಬರ್ ರಾಜ್ಯ ಸರ್ಕಾರದ ದಿಶಾಂಕ್ ಆಪ್‌ನಲ್ಲೇ ಕಾಣತ್ತೆ.

ಎಲ್ಲಿ ಕಟ್ಟಡ, ಎಲ್ಲಿ ಮರ, ಎಲ್ಲಿ ನೀರು ಅಂತ ತೋರಿಸೋ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ನಕ್ಷೆ ಪುಕ್ಕಟೆ ಸಿಗತ್ತೆ, 2020ರದ್ದು, 2021ರದ್ದು. ಒಂದರಿಂದ ಇನ್ನೊಂದನ್ನ ಕಳೆದು ‘ಇಷ್ಟು ಬೆಳೀತು’ ಅಂತಾರಲ್ಲ, ಅದು ಸಲ್ಲದು. ಎರಡನ್ನೂ ತಯಾರಿಸಿದ ವಿಧಾನವೇ ಬೇರೆ. ನಕ್ಷೆಯ ಒಂದೊಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಕೆರೆಗೆ ನೀರು ತರೋ ಎರಡು ಮೀಟರ್ ಅಗಲದ ಪೋಷಕ ಕಾಲುವೆಗೆ ಮಣ್ಣು ಸುರಿದು ಮುಚ್ಚಿದ್ರೂ ಅದಕ್ಕೆ ಸುಳಿವೇ ಸಿಗಲ್ಲ. ಸೈಟ್ ಕಲ್ಲು ನೆಟ್ಟು, ಜಲ್ಲಿ ರಸ್ತೆ ಹಾಕಿ, ಮನೆ ಮಾತ್ರ ಇನ್ನೂ ಕಟ್ಟದ ಲೇಔಟ್ ಇರತ್ತಲ್ಲ, ಅದು ಬರಡು ನೆಲ ಅಥವಾ ಹುಲ್ಲು ಅಂತ ದಾಖಲಾಗಬಹುದು. ಅಂಗಳದಲ್ಲಿ ದಟ್ಟವಾಗಿ ಬೆಳೆದ ಜಾಲಿ? ಮರ ಅಂತ ಹಸಿರು ಬಣ್ಣ. ಭೇಷ್!

ಕಾನೂನಿನ ಆಸರೆನೂ ತೆಳು. ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನ 2017ರ ಕೇಂದ್ರದ ಜೌಗು ಪ್ರದೇಶ ನಿಯಮಗಳು ಹೊರಗಿಟ್ಟಿವೆ. ಹಾಗಾಗಿ ನಮ್ಮ ಲೆಕ್ಕನಾದ್ರೂ ಗಟ್ಟಿ ಇರಬೇಕು. ಮೇಲ್ಭಾಗಕ್ಕೆ ಒಂದು ಅಂಕಿ, ಏರಿ ಕೆಳಗೆ ಒಂದು, ಅಂಗಳದೊಳಗೆ ಒಂದು. ಕಾಲುವೆ ಮಾತ್ರ ನಡೆದೇ ನೋಡಬೇಕು. ಊರಲ್ಲಿ ಕೆರೆ ನೀರು ಬಿಡೋ ನೀರಗಂಟಿ ಇನ್ನೂ ಇದ್ರೆ ಅವರನ್ನೇ ಕರ್ಕೊಂಡು ಹೋಗಿ. ಯಾವ ಸೈಟಿನ ಅಡಿಯಲ್ಲಿ ಕಾಲುವೆ ಇತ್ತು ಅಂತ ಅವರಿಗೆ ಗೊತ್ತಿರತ್ತೆ.