ಮಕ್ಕಳ ಪುಸ್ತಕ, ಮಕ್ಕಳೇ ಬರೆದದ್ದು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಬೀದರ್ ಜಿಲ್ಲೆಯಲ್ಲಿ ಪಾಠ ಮಾಡುವವರಿಗೆ ಇದು ಗೊತ್ತಿರುವ ಮಾತೇ. ಒಂದೇ ಬೆಂಚಿನ ಮೇಲೆ ಕೂತ ಮಕ್ಕಳಲ್ಲಿ ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಉರ್ದು, ಮತ್ತೊಬ್ಬರದು ಮರಾಠಿ ಇಲ್ಲವೇ ತೆಲುಗು. ಇಂಥ ತರಗತಿಗೆ ಚೆನ್ನಾಗಿ ಹೊಂದುವ ಒಂದು ಜಾಲತಾಣವಿದೆ. ಹೆಸರು ಸ್ಟೋರಿವೀವರ್. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ್ದು. ಪೂರ್ತಿ ಪುಕ್ಕಟೆ.

ಅಲ್ಲಿ ಮಕ್ಕಳ ಕಥೆ ಓದಬಹುದು ಅನ್ನೋದು ಬಹಳ ಶಿಕ್ಷಕರಿಗೆ ಗೊತ್ತು. ಆದರೆ ಅಲ್ಲೇ ಹೊಸ ಪುಸ್ತಕ ಕಟ್ಟಬಹುದು ಅನ್ನೋದನ್ನ ಬಳಸುವವರು ಕಡಿಮೆ. ನನಗೆ ಜಾಸ್ತಿ ಮುಖ್ಯ ಅನಿಸುವುದು ಅದೇ. ಶಿಕ್ಷಕರ ಇಮೇಲ್‌ನಿಂದ ಒಂದು ಖಾತೆ ತೆರೆದರೆ ಸಾಕು. ಚಿತ್ರ ಆರಿಸಬೇಕು, ಕೆಳಗೆ ಮಾತು ಬರೆಯಬೇಕು. ಬೇಕಾದ ಚಿತ್ರ ಸಿಗದಿದ್ದರೆ ಮಕ್ಕಳು ಬಿಡಿಸಿದ್ದನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ಹಾಕಬಹುದು.

ಪುಸ್ತಕದ ವಿಷಯಕ್ಕೆ ನಮ್ಮೂರಿನ ಬಿದರಿ ಕೆಲಸವನ್ನೇ ತಗೊಳ್ಳಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಕುಸುರಿ ಅದು. ಸತುವು, ತಾಮ್ರ ಕರಗಿಸಿ ಎರಕ ಹೊಯ್ಯುವುದು ಒಂದು ಪುಟ. ಉಳಿಯಿಂದ ಹೂಬಳ್ಳಿ ಕೆತ್ತುವುದು ಒಂದು ಪುಟ. ಆ ಗೀರಿನೊಳಗೆ ಬೆಳ್ಳಿ ತಂತಿ ಕೂಡಿಸುವುದು ಇನ್ನೊಂದು. ಕಡೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಕಲಸಿದ ನೀರು ತಾಗುತ್ತದೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಪುಟಕ್ಕೆ ಬಂದಾಗ ಮಕ್ಕಳು ನಿಲ್ಲುತ್ತಾರೆ. ಬೆಳ್ಳಿ ಯಾಕೆ ಕಪ್ಪಾಗಲಿಲ್ಲ? ಉತ್ತರ ಸಿಗದೆ ವಾಕ್ಯ ಮುಂದೆ ಹೋಗೋದಿಲ್ಲ ಅಲ್ವಾ? ಅಲ್ಲಿಂದ ವಿಜ್ಞಾನದ ಪಾಠ ತಾನಾಗಿಯೇ ಶುರುವಾಗುತ್ತದೆ. ಓಣಿಯಲ್ಲಿ ಬಿದರಿ ಕುಶಲಕರ್ಮಿ ಇದ್ದರೆ ಅವರನ್ನೇ ಕರೆಸಿ ಕೇಳಿ. ಪುಸ್ತಕದಲ್ಲಿ ಇಲ್ಲದ್ದು ಅವರ ಕೈಯಲ್ಲಿ ಇರುತ್ತದೆ.

ಪುಸ್ತಕ ಪ್ರಕಟವಾದ ಮೇಲೆ ಅನುವಾದಕ್ಕೂ ಅಲ್ಲೇ ಅವಕಾಶವಿದೆ. ಮೂಲ ಪುಟ ಕಣ್ಣೆದುರಿಗೇ ಇರುತ್ತದೆ, ಪಕ್ಕದಲ್ಲಿ ಬರೆಯುತ್ತಾ ಹೋಗಬಹುದು. ಕನ್ನಡ ಓದುವಾಗ ಸದಾ ಹಿಂದೆ ಕೂರುವ ಹುಡುಗಿ, ಉರ್ದುವಿನ ಸರದಿ ಬಂದಾಗ ಎಲ್ಲರಿಗೂ ಹೇಳಿಕೊಡುತ್ತಾಳೆ. ಮಾತಾಡಲು ಬಂದು ಬರೆಯಲು ಬಾರದಿದ್ದರೆ ಪಕ್ಕದ ಉರ್ದು ಶಾಲೆಯ ಟೀಚರ್ ಹತ್ತಿರ ಹೋಗಿ ಕೇಳಲಿ. ಎರಡು ಶಾಲೆ ಹತ್ತಿರವಾಗಲು ಅದೂ ಒಂದು ನೆಪ.

ಕಂಪ್ಯೂಟರ್ ಕೊರತೆಗೆ ಹೆದರಬೇಡಿ. ಕಥೆಯೆಲ್ಲ ಮೊದಲು ನೋಟ್‌ಬುಕ್‌ನಲ್ಲೇ ಆಗಲಿ, ಹಲಗೆಯ ಮೇಲೆ ತಿದ್ದಲಿ. ಟೈಪ್ ಮಾಡಲು ಶಾಲೆಗೊಂದು ಲ್ಯಾಪ್‌ಟಾಪ್ ಸಾಕು. ನೆಟ್‌ವರ್ಕ್ ಇದ್ದ ದಿನ ಹಾಕಿದರಾಯಿತು.

ಒಂದು ಎಚ್ಚರ ಮಾತ್ರ ಇರಲಿ. ಅಲ್ಲಿ ಹಾಕಿದ್ದನ್ನು ಮಾಡಿದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಅದೇ ಅಲ್ಲಿಯ ಕರಾರು. ಹಾಗಾಗಿ ಮಕ್ಕಳ ಮುಖದ ಫೋಟೊ, ಮನೆ ವಿಳಾಸ ಹಾಕಲೇಬೇಡಿ. ಅವರು ಬಿಡಿಸಿದ ಚಿತ್ರ ಹಾಕುವ ಮೊದಲು ತಂದೆ ತಾಯಿಯನ್ನು ಒಂದು ಮಾತು ಕೇಳಿ. ಪುಸ್ತಕ ಇಳಿಸಿಕೊಂಡು ಪ್ರಿಂಟ್ ತೆಗೆಸುವಾಗ ಕೊನೆಯ ಪುಟ ಬಿಡಬೇಡಿ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರುವುದು ಅಲ್ಲೇ.

ನಮಸ್ಕಾರ.