ಜನರೇಟರ್ ಶುರುವಾಗುವ ಮುಂಚಿನ 10 ಸೆಕೆಂಡು

ಕೇಳುಗರಿಗೆ ನಮಸ್ಕಾರ.

ನಾನಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ. ಅಲ್ಲಿ ಕರೆಂಟ್ ಹೋದರೆ ಏನಾಗುತ್ತದೆ ಅಂತ ಅಪಾರ್ಟ್‌ಮೆಂಟ್‌ವಾಸಿಗಳಿಗೆ ಹೇಳಬೇಕಾಗಿಲ್ಲ. ಫ್ಯಾನು ನಿಧಾನವಾಗಿ ನಿಲ್ಲುತ್ತದೆ. ಲಿಫ್ಟು ಎಲ್ಲೋ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಳಗೆ ಜನರೇಟರ್ ಒಂದು ಸಲ ಕೆಮ್ಮಿ, ಆಮೇಲೆ ಗುಡುಗುಡು ಅಂತ ಶುರುವಾಗುತ್ತದೆ. ಕರೆಂಟ್ ಹೋಗುವುದಕ್ಕೂ ಜನರೇಟರ್ ಬರುವುದಕ್ಕೂ ನಡುವೆ ನಮ್ಮಲ್ಲಿ ಸುಮಾರು 10 ಸೆಕೆಂಡು ಸಿಗುತ್ತದೆ.

ಒಂದು ರಾತ್ರಿ ಎಂಟರ ಸುಮಾರಿಗೆ ನಾನು ಹಾಲ್‌ನಲ್ಲಿ ಕೂತು ಬ್ಯಾಟರಿ ರೇಡಿಯೋದಲ್ಲಿ ಶಾರ್ಟ್‌ವೇವ್ ತಿರುಗಿಸುತ್ತಿದ್ದೆ. 31 ಮೀಟರ್ ಬ್ಯಾಂಡು. ಮುಕ್ಕಾಲು ಗಂಟೆಯಿಂದ ಗೊರ್ ಅನ್ನುವ ಸದ್ದು ಬಿಟ್ಟು ಬೇರೇನೂ ಇಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಕುಕ್ಕರ್ ಕೂಗು ನಿಂತ ಮೇಲೆ ಅಡುಗೆಮನೆ ಹೇಗಿರುತ್ತದೋ, ಬ್ಯಾಂಡ್ ಹಾಗಾಯಿತು. ಗೊರಗೊರ ಪೂರ್ತಿ ಮಾಯ. ಅದರೊಳಗಿಂದ ಒಬ್ಬ ಹೆಣ್ಣುಮಗಳ ದನಿ, ನಾಲ್ಕೈದು ಮಾತು, ಪಕ್ಕದ ಕೋಣೆಯಲ್ಲಿದ್ದಷ್ಟು ಸ್ಪಷ್ಟ. ಯಾವ ಭಾಷೆ ಅಂತ ಹಿಡಿಯುವ ಮೊದಲೇ ಜನರೇಟರ್ ಬಂತು. ಮತ್ತೆ ಗೊರ್.

ಆ ಸ್ಟೇಷನ್ ಮುಕ್ಕಾಲು ಗಂಟೆಯಿಂದ ಅಲ್ಲೇ ಇತ್ತು. ನನ್ನ ರೇಡಿಯೋ ಸರಿ ಇತ್ತು, ಅದರ ಕಡ್ಡಿ ಏರಿಯಲ್ಲೂ ಸರಿ ಇತ್ತು. ತೊಂದರೆ ಇದ್ದದ್ದು ನನ್ನ ಮನೆಯಲ್ಲಿ. ಇವತ್ತು ನಾನು ಮಾತಾಡಬೇಕಾದದ್ದು ಮನೆಯೊಳಗಿನ ಆಂಟೆನಾ ಬಗ್ಗೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ಸದ್ದಿನ ಕತೆಯೇ ಆಗುತ್ತದೆ, ಏನೂ ಮಾಡುವ ಹಾಗಿಲ್ಲ.

ಈಗ ನನ್ನ ಮಾತು ಕೇಳುತ್ತಿರುವ ನಿಮ್ಮ ರೇಡಿಯೋದಲ್ಲಿ ಎಸ್‌ಡಬ್ಲ್ಯೂ ಅಂತ ಬರೆದಿದೆಯಾ ನೋಡಿ. ಇದ್ದರೆ ಅದು ಶಾರ್ಟ್‌ವೇವ್. ಇದರ ಅಲೆಗಳು ಮೇಲಿನ ವಾತಾವರಣದ ಅಯಾನುಗೋಳ ಅನ್ನುವ ಪದರಕ್ಕೆ ಹೋಗಿ ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಮತ್ತೆ ನೆಲಕ್ಕೆ ಇಳಿಯುತ್ತವೆ. ಹಾಗಾಗಿ ನಡುವೆ ಟವರ್ ಬೇಡ, ಇಂಟರ್‌ನೆಟ್ ಬೇಡ. 

ಮನೆಯೊಳಗಿನ ಏರಿಯಲ್ ಅನ್ನುವುದು ಹೊಸದೇನಲ್ಲ. ಮಲೆನಾಡಿನಲ್ಲಿದ್ದ ನಮ್ಮ ಅಜ್ಜನ ಮನೆಯಲ್ಲಿ ಮರ್ಫಿ ರೇಡಿಯೋ ಇತ್ತು. ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಎರಡು ಬೆರಳಗಲದ ಒಂದು ತಾಮ್ರದ ಜಾಲರಿ ಪಟ್ಟಿ ಕಟ್ಟಿದ್ದರು. ನಿಮ್ಮಲ್ಲಿ ವಯಸ್ಸಾದವರಿಗೆ ಅದು ಕಣ್ಣಿಗೆ ಕಟ್ಟಿರಬೇಕು. ನಮಗೆ ಮಕ್ಕಳಿಗೆ ಅದರ ಮೇಲೆ ಬಟ್ಟೆ ಎಸೆದು ಬೈಸಿಕೊಳ್ಳುವುದೇ ಆಟ. ಆ ಪಟ್ಟಿಯಲ್ಲಿ ರೇಡಿಯೋ ಸಿಲೋನ್ ಗಂಟೆ ಹೊಡೆದ ಹಾಗೆ ಬರುತ್ತಿತ್ತು. ಅಂಗಳದಲ್ಲಿ ಕಂಬ ಇಲ್ಲ, ಮಾಡಿನ ಮೇಲೆ ತಂತಿ ಇಲ್ಲ. ಹಾಗಾದರೆ ಅದೇ ಪಟ್ಟಿ ನನ್ನ ಫ್ಲಾಟಿನಲ್ಲಿ ಯಾಕೆ ಕೆಲಸ ಮಾಡುವುದಿಲ್ಲ?

ಒಂದು, ಅಜ್ಜನ ಮನೆಗೆ ಹೆಂಚಿನ ಮಾಡು, ಮಣ್ಣಿನ ಗೋಡೆ. ರೇಡಿಯೋ ಅಲೆಗೆ ಹೆಂಚು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನ್ನ ಮನೆ ಆರ್‌ಸಿಸಿ. ಮೇಲೆ, ಕೆಳಗೆ, ಕಂಬದಲ್ಲಿ, ಎಲ್ಲ ಕಡೆ ಗೇಣಿಗೊಂದರ ಹಾಗೆ ಕಬ್ಬಿಣದ ಸರಳು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 300 ಅನ್ನು ಸ್ಟೇಷನ್ನಿನ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 9.5 ಮೆಗಾಹರ್ಟ್ಸ್ ಅಂದರೆ 31 ಮೀಟರ್ ಚಿಲ್ಲರೆ, ಅದೇ 31 ಮೀಟರ್ ಬ್ಯಾಂಡು. ಅಷ್ಟುದ್ದದ ಅಲೆಗೆ ಗೇಣಗಲದ ಸರಳಿನ ಕಂಡಿ ಅಂದರೆ ಮುಚ್ಚಿದ ಬಾಗಿಲೇ. ಒಳಗೆ ಬರುವುದಿದ್ದರೆ ಕಿಟಕಿ, ಬಾಲ್ಕನಿ ಇಂಥ ಕಡೆ ಇಷ್ಟಿಷ್ಟು ನುಸುಳಿ ಬರಬೇಕು. ಕಿಟಕಿಯಿಂದ ಒಂದೆರಡು ಮಾರು ಒಳಗೆ ಬಂದರೆ ಸಿಗ್ನಲ್ ಸೊರಗುತ್ತದೆ. ಇದನ್ನು ನೋಡಲು ಖರ್ಚೇನೂ ಇಲ್ಲ. ರೇಡಿಯೋ ಹಿಡಿದು ಹಾಲ್‌ನಿಂದ ಬಾಲ್ಕನಿಗೆ ನಡೆಯಿರಿ, ಸಾಕು.

ಎರಡನೆಯದು ಸದ್ದು. ಅಜ್ಜನ ಮನೆಯಲ್ಲಿದ್ದದ್ದು ನಾಲ್ಕು ಬಲ್ಬು. ಉಳಿದಂತೆ ಕರೆಂಟಿನ ಕೆಲಸವೇ ಇರಲಿಲ್ಲ. ನನ್ನ ಮನೆಯಲ್ಲಿ ಎಲ್‌ಇಡಿ, ಮೊಬೈಲ್ ಚಾರ್ಜರ್, ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ಲ್ಯಾಪ್‌ಟಾಪ್ ಎಲ್ಲ ಇವೆ. ಇವುಗಳ ಅಡಾಪ್ಟರ್ ಒಳಗೆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುವ ಕೆಲಸ ನಡೆಯುತ್ತಿರುತ್ತದೆ. ಹಾಗೆ ಕಡಿಯುವಾಗ ಹುಟ್ಟುವ ಕಸ ಶಾರ್ಟ್‌ವೇವ್ ಬ್ಯಾಂಡ್ ತುಂಬಾ ಹರಡುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಅದನ್ನು ತಡೆಯುವ ಬಿಡಿಭಾಗ ಇರುತ್ತವೆ. ಅಗ್ಗದ್ದರಲ್ಲಿ ಮೊದಲು ಬಿಟ್ಟುಬಿಡುವುದೇ ಅದನ್ನು. ನಮ್ಮಜ್ಜ ಬರೀ ರೇಡಿಯೋ ಕೇಳಲಿಕ್ಕೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಿ ಬರುತ್ತಿದ್ದರು. ಈಗ ಒಂದು ಎಲ್‌ಇಡಿ ಬಲ್ಬು ಲೈಸೆನ್ಸೇ ಇಲ್ಲದೆ ಇಡೀ ಮಹಡಿಗೆ ಪ್ರಸಾರ ಮಾಡುತ್ತದೆ!

ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ಸಿಗ್ನಲ್ ಇಲ್ಲ, ಹಾಗಾದರೆ ತಂತಿ ಉದ್ದ ಮಾಡೋಣ ಅಂತ 10 ಮೀಟರ್ ವೈರು ತಂದೆ. ಕರ್ಟನ್ ಕಡ್ಡಿಯ ಹಿಂದೆ, ಟಿವಿ ಹಿಂದೆ, ಹಾಲ್ ಸುತ್ತ ಎಳೆದು, ತುದಿಯನ್ನು ಕ್ರೊಕೊಡೈಲ್ ಕ್ಲಿಪ್ಪಿನಿಂದ ರೇಡಿಯೋದ ಕಡ್ಡಿಗೆ ಕಚ್ಚಿಸಿದೆ. ರೇಡಿಯೋದ ಸಿಗ್ನಲ್ ಮೀಟರಿನ ಗೆರೆಗಳೆಲ್ಲ ತುಂಬಿಬಿಟ್ಟವು. ನನಗೆ ಖುಷಿಯೋ ಖುಷಿ. ಕೇಳಿದರೆ ಗೊರಗೊರವೂ ಅಷ್ಟೇ ಜೋರು. ಯಾಕೆಂದರೆ ಗೋಡೆಯೊಳಗೆ ಕರೆಂಟಿನ ವೈರು ಎಲ್ಲಿ ಹೋಗಿದೆಯೋ, ನನ್ನ ತಂತಿ ಅದಕ್ಕೆ ಜೊತೆಯಾಗಿ ಸುತ್ತು ಹೊಡೆದಿತ್ತು. ದೂರದ ಸ್ಟೇಷನ್ನಿಗಿಂತ ಜಾಸ್ತಿ ಪಕ್ಕದ ಕಸವನ್ನೇ ಅದು ಹೀರುತ್ತಿತ್ತು. 

ಹಾಗಾಗಿ ಆಂಟೆನಾಗೆ ಕೈ ಹಾಕುವ ಮೊದಲು ಒಂದು ಭಾನುವಾರ ಮನೆ ತಪಾಸಣೆ ಮಾಡಿದೆ. ರೇಡಿಯೋವನ್ನು ಬ್ಯಾಟರಿಯಲ್ಲೇ ಹಾಕಿಟ್ಟು, ಮೇನ್ ಸ್ವಿಚ್ ಆಫ್. ಗೊರಗೊರ ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದದ್ದು ಅಕ್ಕಪಕ್ಕದವರ ಕೊಡುಗೆ. ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತುತ್ತಾ, ಒಂದೊಂದೇ ಪ್ಲಗ್ ಹಾಕುತ್ತಾ ಹೋದೆ. ಫ್ರಿಜ್ಜು ನಿರಪರಾಧಿ. ಹಳೆ ಟ್ಯೂಬ್‌ಲೈಟು ಸ್ವಲ್ಪ ಚುರುಗುಟ್ಟಿತು. ಎಲ್ಲಕ್ಕಿಂತ ದೊಡ್ಡ ಗಲಾಟೆ ಬಂದದ್ದು ದೇವರ ಮನೆಯಿಂದ. ದೀಪಾವಳಿಗೆ ಅಂತ ಫುಟ್‌ಪಾತಿನಲ್ಲಿ ತಂದಿದ್ದ ಎಲ್‌ಇಡಿ ಮಾಲೆ, ವರ್ಷವಿಡೀ ಮಿನುಗುತ್ತಿತ್ತು. ಅದರ ಅಡಾಪ್ಟರ್ ಒಂದೇ ಮೂರು ಬ್ಯಾಂಡ್ ನುಂಗಿತ್ತು. ಎರಡನೇ ಬಹುಮಾನ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಅದು ರಿಮೋಟಿನಲ್ಲಿ ಆಫ್ ಮಾಡಿದರೂ ಸುಮ್ಮನಾಗುವುದಿಲ್ಲ, ಗೋಡೆಯ ಸ್ವಿಚ್ಚೇ ಆಫ್ ಮಾಡಬೇಕು. ರೂಟರ್ ಆಫ್ ಮಾಡಿದರೆ ಮನೆಯಲ್ಲಿ ಬೇರೆ ಥರದ ಗೊರಗೊರ ಶುರುವಾಗುತ್ತದೆ ನೋಡಿ, ಅದರ ವೈರಿಗೆ ಒಂದು ಫೆರೈಟ್ ಕ್ಲಿಪ್ ಹಾಕಿದೆ. ಲ್ಯಾಪ್‌ಟಾಪ್ ಕೇಬಲ್ಲಿನ ತುದಿಯಲ್ಲಿ ಕಪ್ಪು ಗುಂಡು ಇರುತ್ತದಲ್ಲ, ಅದೇ ವಸ್ತು. ವೈರನ್ನು ಅದರೊಳಗೆ ನಾಲ್ಕೈದು ಸುತ್ತು ಸುತ್ತಿದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ತಂತಿಗೆ ಅರ್ಥ ಬರುತ್ತದೆ. ಮೊದಲು ಬಾಲ್ಕನಿಯಿಂದ ಒಂದು ವೈರು ಕೆಳಗೆ ಇಳಿಬಿಟ್ಟು ನೋಡಿದೆ. ಮರುದಿನ ಬೆಳಗ್ಗೆ ಅಸೋಸಿಯೇಷನ್ ಕಾರ್ಯದರ್ಶಿ ಬಾಗಿಲಲ್ಲಿ ನಿಂತಿದ್ದರು. "ಏನ್ ಸಾರ್, ಕೇಬಲ್ ಎಳೀತಿದೀರಾ?" ಆಮೇಲೆ ಹೊಳೆದದ್ದು ಪಾರಿವಾಳದ ಬಲೆ. ಬೆಂಗಳೂರಿನ ಬಾಲ್ಕನಿಗಳಿಗೆಲ್ಲ ಈಗ ನೈಲಾನ್ ಬಲೆ ಇದ್ದೇ ಇರುತ್ತದೆ. ಮೋಟರ್ ವೈಂಡಿಂಗ್ ಅಂಗಡಿಯಿಂದ ತೆಳು ಎನಾಮಲ್ ತಂತಿ ತಂದು, 5 ಮೀಟರಿನಷ್ಟನ್ನು ಬಲೆಯ ಕಣ್ಣುಗಳಲ್ಲಿ ಹೂವು ಪೋಣಿಸಿದ ಹಾಗೆ ಪೋಣಿಸಿದೆ. ಕಾರ್ಯದರ್ಶಿಗೂ ಕಾಣಲಿಲ್ಲ, ಪಾರಿವಾಳಕ್ಕೂ ಕಾಣಲಿಲ್ಲ. ಹಾಲ್ ಸುತ್ತಿದ 10 ಮೀಟರಿಗಿಂತ ಈ 5 ಮೀಟರ್ ಎಷ್ಟೋ ವಾಸಿ. 

ಒಂದು ಎಚ್ಚರಿಕೆ. ಗುಡುಗು ಮಿಂಚು ಇದ್ದಾಗ ಬಾಲ್ಕನಿಯ ತಂತಿಯನ್ನು ರೇಡಿಯೋದಿಂದ ಕಳಚಿಡಿ. ಕರೆಂಟ್ ಲೈನ್ ಹತ್ತಿರ ಹಾದುಹೋಗುವ ಕಡೆ ತಂತಿ ಹೊರಗೆ ಚಾಚಲೇಬೇಡಿ. ಗ್ಯಾಸ್ ಪೈಪಿಗೆ ಕ್ಲಿಪ್ ಹಾಕುವುದು, ಪ್ಲಗ್ಗಿನ ಅರ್ತಿಗೆ ತಂತಿ ತುರುಕುವುದು ಇಂಥ ಪ್ರಯೋಗವೆಲ್ಲ ಖಂಡಿತ ಬೇಡ.

ಬಾಲ್ಕನಿಯೇ ಇಲ್ಲದವರಿಗೆ, ಅಥವಾ ಪಕ್ಕದ ಮನೆಯ ಸದ್ದು ಬಿಡದವರಿಗೆ, ಲೂಪ್ ಆಂಟೆನಾ. ನಾನಿದನ್ನು ಬಳೆ ಅನ್ನುತ್ತೇನೆ. ಮನೆಯೊಳಗಿನ ಕಸ ಹೆಚ್ಚಾಗಿ ವಿದ್ಯುತ್ ಕ್ಷೇತ್ರದ ರೂಪದಲ್ಲಿ ಹತ್ತಿರದಲ್ಲೇ ಸುಳಿದಾಡುತ್ತಿರುತ್ತದೆ. ಕಡ್ಡಿ ಏರಿಯಲ್ ಅದನ್ನೇ ಹಿಡಿಯುವುದು. ಸಣ್ಣ ಬಳೆಗೆ ಬೇಕಾದದ್ದು ಅಲೆಯ ಕಾಂತೀಯ ಭಾಗ. ಹಾಗಾಗಿ ಕಸಕ್ಕೆ ಅದು ಅಷ್ಟಾಗಿ ಕಿವಿಗೊಡುವುದಿಲ್ಲ. 

ನನ್ನ ಮಗನ ಹುಲಾ ಹೂಪ್ ಒಂದು ಮೂಲೆಯಲ್ಲಿ ಬಿದ್ದಿತ್ತು. ಸುಮಾರು ಮುಕ್ಕಾಲು ಮೀಟರ್ ಅಗಲ. ಅದರ ಸುತ್ತಳತೆಗೆ ಮನೆ ವೈರಿಂಗಿನ ದಪ್ಪ ತಾಮ್ರದ ವೈರು ಒಂದೇ ಸುತ್ತು ಕಟ್ಟಿದೆ. ಎರಡು ತುದಿಗಳ ನಡುವೆ ಒಂದು ಗ್ಯಾಂಗ್ ಕಂಡೆನ್ಸರ್. ಇದು ಹಳೆ ರೇಡಿಯೋಗಳಲ್ಲಿ ಸ್ಟೇಷನ್ ತಿರುಗಿಸಲು ಇರುತ್ತಿದ್ದ, ಎಲೆ ಎಲೆಯಾದ ಲೋಹದ ಭಾಗ. ಬೆಂಗಳೂರಿನ ಎಸ್.ಪಿ. ರೋಡಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಅಜ್ಜನ ಮರ್ಫಿ ವಾಲ್ವ್ ಸುಟ್ಟು ಅಟ್ಟದಲ್ಲಿ ಕೂತಿತ್ತು. ಗ್ಯಾಂಗ್ ಮಾತ್ರ ಇನ್ನೂ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಗ್ಯಾಂಗಿನ ಅಳತೆ ಸುಮಾರು 500 ಪಿಕೋಫ್ಯಾರಡ್ ಇದ್ದರೆ ಈ ಅಳತೆಯ ಬಳೆ 4 ಮೆಗಾಹರ್ಟ್ಸ್ ಆಸುಪಾಸಿನಿಂದ 15ರ ತನಕ ಕೆಲಸ ಮಾಡುತ್ತದೆ. ನಮಗೆ ಬೇಕಾದ 49, 41, 31, 25 ಮೀಟರ್ ಬ್ಯಾಂಡ್ ಎಲ್ಲ ಅದರೊಳಗೇ ಬಂದವು. ಇನ್ನು ಕಂಡೆನ್ಸರಿನ ಎದುರು ಬದಿಯಲ್ಲಿ, ದೊಡ್ಡ ಬಳೆಯ ಐದರಲ್ಲೊಂದು ಅಗಲದ ಚಿಕ್ಕ ಬಳೆ. ಅದನ್ನು ದೊಡ್ಡದಕ್ಕೆ ಬೆಸೆಯಬಾರದು, ಸುಮ್ಮನೆ ಪಕ್ಕದಲ್ಲಿ ಕಟ್ಟಬೇಕು. ಅದರ ಎರಡು ತುದಿ ರೇಡಿಯೋದ ಆಂಟೆನಾ ಜಾಕಿಗೆ. ಬ್ಯಾಟರಿ ಬೇಡ, ಏನೂ ಬೇಡ.

ಇದನ್ನು ಬಳಸಲು ಎರಡೂ ಕೈ ಬೇಕು. ರೇಡಿಯೋದಲ್ಲಿ ಸ್ಟೇಷನ್ ಹಾಕಿ, ಗ್ಯಾಂಗನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಬೇಕು. ಒಂದು ಕಡೆ ಸದ್ದು ಥಟ್ಟನೆ ಏರುತ್ತದೆ. ಅದೇ ಜಾಗ. ಸ್ಟೇಷನ್ ಬದಲಾಯಿಸಿದರೆ ಮತ್ತೆ ತಿರುಗಿಸಬೇಕು. ಬೇಸರ ಅನ್ನುವವರಿಗೆ ಬೇಸರವೇ. ಆಮೇಲೆ ಬಳೆಯನ್ನೇ ಬಾಗಿಲಿನ ಹಾಗೆ ಆಚೀಚೆ ತಿರುಗಿಸಿ. ಬಳೆ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯಿಂದ ಬರುವುದು ಅದಕ್ಕೆ ಕೇಳಿಸುವುದಿಲ್ಲ, ಅಂಚಿನ ಕಡೆಯಿಂದ ಬರುವುದು ಕೇಳಿಸುತ್ತದೆ. ಪಕ್ಕದ ಮನೆ ಚಾರ್ಜರಿನ ಕಡೆ ಮುಖ ಮಾಡಿಟ್ಟರೆ ಚಾರ್ಜರ್ ಅಡಗುತ್ತದೆ. ದೂರದ ಸ್ಟೇಷನ್ ಆಕಾಶದಿಂದ ಇಳಿದು ಬರುವುದರಿಂದ ಅಷ್ಟು ಸುಲಭಕ್ಕೆ ಅಡಗುವುದಿಲ್ಲ. ಬಳೆಯ ಗುಟ್ಟು ಇರುವುದು ಇಲ್ಲೇ.

ಕೂಡಿಸಿ ಕಟ್ಟಲು ಪುರುಸೊತ್ತಿಲ್ಲದವರಿಗೆ ಎಂಎಲ್‌ಎ-30 ಅಂತ ಸಿದ್ಧ ಲೂಪ್ ಸಿಗುತ್ತದೆ, ಒಳಗೆ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಯುಎಸ್‌ಬಿ ಕರೆಂಟು ಬೇಕು. ಮೊಬೈಲ್ ಚಾರ್ಜರ್ ಚುಚ್ಚಿದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ! ಪವರ್‌ಬ್ಯಾಂಕ್ ಹಾಕಿ. ಯಲಹಂಕದ ಕಡೆ ಇರುವವರಿಗೆ ಇನ್ನೊಂದು ಮಾತು. ಅಲ್ಲಿ ಆಕಾಶವಾಣಿಯ 500 ಕಿಲೋವ್ಯಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳಿವೆ. ಅಷ್ಟು ಹತ್ತಿರದಲ್ಲಿ ದೊಡ್ಡ ಆಂಟೆನಾ ಹಾಕಿದರೆ ಚಿಕ್ಕ ರೇಡಿಯೋ ತತ್ತರಿಸಿ, ಒಂದೇ ಸ್ಟೇಷನನ್ನು ಹತ್ತು ಕಡೆ ತೋರಿಸುತ್ತದೆ. ದೂರದ ಸ್ಟೇಷನ್ನಿಗೆ ಡಿಎಕ್ಸ್, ಹತ್ತಿರದ್ದಕ್ಕೆ ಲೋಕಲ್ ಅಂತ ಸ್ವಿಚ್ ಇದ್ದರೆ ಲೋಕಲ್‌ಗೆ ಹಾಕಿ.

ಇಷ್ಟೆಲ್ಲ ಮಾಡಿ ಕೇಳುವುದೇನು ಅಂತ ಕೇಳುತ್ತೀರಿ. ನಿಜ, ಎಷ್ಟೋ ಸ್ಟೇಷನ್ ಮುಚ್ಚಿವೆ. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ಶಾರ್ಟ್‌ವೇವ್ ಬಿಟ್ಟಿತು. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ ನಿಂತಿತು. ಉಳಿದದ್ದೂ ಇದೆ. 10 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಎಂಬ ಸಮಯದ ಸ್ಟೇಷನ್ ಸೆಕೆಂಡಿಗೊಂದು ಟಿಕ್ ಅನ್ನುತ್ತದೆ. ಆಂಟೆನಾ ಸರಿ ಕೂತಿದೆಯಾ ಅಂತ ನೋಡಲು ನನಗೆ ಅದೇ ಅಳತೆಗೋಲು. ಭಾನುವಾರ ಬೆಳಗ್ಗೆ 7 ಮೆಗಾಹರ್ಟ್ಸ್ ಮೇಲೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಕನ್ನಡದಲ್ಲೇ ಕಾಫಿ ಆಯ್ತಾ ಅಂತ ಮಾತಾಡಿಕೊಳ್ಳುವುದನ್ನೂ ಕೇಳಿದ್ದೇನೆ. ಅವರು ಬಳಸುವುದು ಎಸ್‌ಎಸ್‌ಬಿ ಅನ್ನುವ ಬೇರೆ ಬಗೆಯ ಪ್ರಸಾರ, ಅದನ್ನು ಹಿಡಿಯುವ ರೇಡಿಯೋ ಬೇಕು.

ಆ 10 ಸೆಕೆಂಡಿನ ಹೆಣ್ಣುಮಗಳು ಮತ್ತೆ ಸಿಕ್ಕಿದಳು. ಮೂರು ವಾರದ ಮೇಲೆ, ಅದೇ ಎಂಟು ಗಂಟೆ, ಅದೇ ಜಾಗ. ಈ ಸಲ ಕರೆಂಟ್ ಇದ್ದಾಗಲೇ. ತಮಿಳು! ಆದರೆ ಎಲ್ಲೋ ಏನೋ ಬೇರೆ ಥರ. ಪಕ್ಕದ ಮನೆಯ ಆಂಟಿ ಕುಂಭಕೋಣದವರು, ಅವರನ್ನೇ ಕರೆದೆ. ಬಂದು ಹುಲಾ ಹೂಪನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಕೂತು ಐದು ನಿಮಿಷ ಕೇಳಿದರು. ಅಷ್ಟರಲ್ಲಿ ಸ್ಟೇಷನ್ ಹೆಸರು ಬಂತು. ಚೀನಾ ರೇಡಿಯೋ. ಮಾತಾಡುತ್ತಿದ್ದವಳು ಚೀನೀ ಹುಡುಗಿ.

"ನಮ್ಮೂರಿನವಳಲ್ಲ ಅಂತ ಆಗಲೇ ಗೊತ್ತಾಯ್ತು," ಅಂದರು ಆಂಟಿ. "ಇಷ್ಟು ಶುದ್ಧವಾಗಿ ನಮ್ಮಲ್ಲಿ ಯಾರೂ ಮಾತಾಡಲ್ಲ." ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ನಾಳೆನೂ ಎಂಟಕ್ಕೇನಾ?"

"ಹೌದು ಆಂಟಿ," ಅಂದೆ. "ಬರುವಾಗ ನಿಮ್ಮನೆ ಸೆಟ್‌ಟಾಪ್ ಬಾಕ್ಸಿನ ಸ್ವಿಚ್ ಗೋಡೆಯಲ್ಲೇ ಆಫ್ ಮಾಡಿ ಬನ್ನಿ. ಇನ್ನೂ ಚೆನ್ನಾಗಿ ಕೇಳಿಸುತ್ತೆ."

ನಮಸ್ಕಾರ.